ಗೂಟದ ಮೇಲಿನ ಖಾಲಿ ಒರೆ

ನಡುರಾತ್ರಿ ಕಳೆದ ಮೇಲೆ ಹಜಾರದ ಕಡೆಯಿಂದ ಬಂದ ಆ ಸದ್ದು ತೀರ ಚಿಕ್ಕದು, ಟಿಚ್ ಬಟನ್ ಒತ್ತಿದಾಗ ಬರುವಂಥದ್ದು. ಬೇರೆ ಯಾರಾದರೂ ಆಗಿದ್ದರೆ ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋಗುತ್ತಿದ್ದರು. ಆದರೆ ರೇಆನ್ ಆ ಮನೆಯಲ್ಲೇ ಹುಟ್ಟಿ ಬೆಳೆದವಳು. ಅವಳ ತಂದೆ ಹಾಲಿಸ್ ಗ್ಯಾಂಟ್ರಿ ದನಗಳ ಇನ್‌ಸ್ಪೆಕ್ಟರ್ ಆಗಿದ್ದ ಕಾಲದಲ್ಲಿ ಸಂಜೆ ಮನೆಗೆ ಬಂದು, ಸೊಂಟದ ರಿವಾಲ್ವರನ್ನು ಒರೆಯ ಸಮೇತ ಬಿಚ್ಚಿ ಗೂಟಕ್ಕೆ ತಗುಲಿಹಾಕಿ, ಒರೆಯ ಚರ್ಮದ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ ಸದ್ದು ಅದು. ಚಿಕ್ಕಂದಿನಲ್ಲಿ ಆ ಸದ್ದು ಕೇಳಿದ ಮೇಲೇ ಅವಳಿಗೆ ನಿದ್ದೆ ಬರುತ್ತಿತ್ತು. ಈಗ ಅದೇ ಸದ್ದಿಗೆ ಎಚ್ಚರವಾಯಿತು.

ಬೆಳಿಗ್ಗೆ ಎದ್ದು ಹೋಗಿ ಮುಚ್ಚಳ ಎತ್ತಿ ನೋಡಿದಳು. ಒರೆ ಖಾಲಿಯಾಗಿತ್ತು.

ಈ ಸಂಗತಿ ವರ್ನಾ ಬ್ಲೆಡ್ಸೋಗೆ ತಿಳಿದದ್ದು ತನ್ನ ಮನೆಯ ಹಿಂಬಾಗಿಲಲ್ಲಿ ಹ್ಯಾಟನ್ನು ಎದೆಗೆ ಹಿಡಿದು ನಿಂತಿದ್ದ, ಹಾಲಿಸ್ ಮನೆಯ ಕೆಲಸದ ಯುಸೆಬಿಯೋನಿಂದ. ವರ್ನಾ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಬಾಗಿಲು ತಟ್ಟಿದ ಸದ್ದು ಕೇಳಿದರೆ ಮೊದಲು ಕೆಟ್ಟದ್ದನ್ನೇ ಎಣಿಸುವ ಸ್ವಭಾವ ಅವಳದು. ಗಂಡ ತೀರಿಕೊಂಡ ಮೇಲೆ ಮನೆಯ ಅರ್ಧವನ್ನು ಓಪಲ್ ಸ್ಟ್ರಿಕ್ಲರ್‌ಗೆ ಬಿಟ್ಟುಕೊಟ್ಟಿದ್ದಳು. ಓಪಲ್ ಷೆರಿಫ್ ಕಚೇರಿಯಲ್ಲಿ ಮೂವತ್ತು ವರ್ಷ ತನಿಖೆಯ ಕೆಲಸ ಮಾಡಿದವಳು; ಬಿಟ್ಟ ಮೇಲೂ ಮೆಸ್ಕೀಟ್ ವೆಲ್ಸ್ ಊರಿನಲ್ಲಿ ಏನು ಕಳೆದರೂ ಜನ ಮೊದಲು ಬರುತ್ತಿದ್ದದ್ದು ಈ ಹಿಂಬಾಗಿಲಿಗೇ.

"ಮಿಸ್ ಓಪಲ್, ನಾನು ಮುಟ್ಟಿಲ್ಲ," ಎಂದ ಯುಸೆಬಿಯೋ. "ಆ ಗೂಟದ ಹತ್ರಾನೂ ಹೋಗಲ್ಲ ನಾನು. ಕಸ ಗುಡಿಸುವಾಗಲೂ ಅಷ್ಟು ಜಾಗ ಬಿಟ್ಟು ಗುಡಿಸ್ತೀನಿ. ಜುವಾನೆಲ್ ಅಮ್ಮಾವ್ರು ಇದ್ದಾಗ ಅದಕ್ಕೇ ಬೈಸ್ಕೊಂಡಿದ್ದೀನಿ."

ಅವನು ಹೇಳದೆ ಬಿಟ್ಟದ್ದು ಇಬ್ಬರು ಹೆಂಗಸರಿಗೂ ಗೊತ್ತಿತ್ತು. ಯೌವನದಲ್ಲಿ ಮಾಡಿದ ಒಂದು ತಪ್ಪಿಗೆ ಅವನು ಹಂಟ್ಸ್‌ವಿಲ್‌ನಲ್ಲಿ ಜೈಲು ಕಂಡು ಬಂದಿದ್ದ. ಷರತ್ತಿನ ಮೇಲೆ ಹೊರಗಿದ್ದ. ಅವನ ಕೈಗೆ ಪಿಸ್ತೂಲು ಸಿಕ್ಕಿತು ಎಂದು ಯಾರಾದರೂ ಬರೆದುಕೊಟ್ಟರೆ ಸಾಕು, ಉಳಿದ ಶಿಕ್ಷೆಗೆ ಮತ್ತೆ ಒಳಗೆ. ಅವನ ಕೋಣೆ ಇದ್ದದ್ದು ಹಾಲಿಸ್ ಮನೆಯ ಹಿಂದಿನ ಜಗುಲಿಯಲ್ಲಿ. ಹೊರಬಾಗಿಲು ಚಿಲಕ ಹಾಕಿದ ಹಾಗೇ ಇತ್ತು. ರೇಆನ್ ಎರಡಕ್ಕೆ ಎರಡು ಕೂಡಿಸಿದ್ದಳು.

"ಷೆರಿಫ್ ಕಚೇರಿಗೆ ಫೋನ್ ಮಾಡಿದಾಳೆ. ಡೆಪ್ಯುಟಿ ಡ್ವೈಟ್ ಊಟದ ಹೊತ್ತಿಗೆ ಬರ್ತಾನಂತೆ," ಎಂದ ಯುಸೆಬಿಯೋ.

"ಹಾಲಿಸ್ ಏನಂದ?" ಓಪಲ್ ಕೇಳಿದಳು.

"ಅದೇ ಗೊತ್ತಾಗ್ತಿಲ್ಲ ಮಿಸ್ ಓಪಲ್. ಕಿಟಕಿ ಕಡೆ ಮುಖ ಮಾಡ್ಕೊಂಡು, 'ಹೋದ್ರೆ ಹೋಗ್ಲಿ ಬಿಡು' ಅಂದ್ರು. ನನ್ನ ಮುಖ ನೋಡಲಿಲ್ಲ."

ಓಪಲ್ ಪೆಕಾನ್ ಬೀಜ ಬಿಡಿಸುತ್ತಿದ್ದ ಬಟ್ಟಲನ್ನು ಪಕ್ಕಕ್ಕಿಟ್ಟಳು. "ವರ್ನಾ, ಕಾರು ತೆಗಿ," ಎಂದಳು.

ಅದು ಟೆಕ್ಸಸ್‌ನಲ್ಲಿ ಹೊಸ ಕಾನೂನು ಬಂದ ವರ್ಷ. ಪರವಾನಗಿ ಪಡೆದವರು ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು, ಆದರೆ ಅದು ಯಾರ ಕಣ್ಣಿಗೂ ಬೀಳಬಾರದು. ಆ ಬೇಸಿಗೆಯನ್ನು ನೆನೆದರೆ ವರ್ನಾಗೆ ಈಗಲೂ ನಗು ಬರುತ್ತದೆ. ಇಡೀ ಊರಿಗೆ ಊರೇ ಸೊಂಟ ಮುಟ್ಟಿ ನೋಡಿಕೊಳ್ಳುತ್ತ, ಅಂಗಿ ಎಳೆದುಕೊಳ್ಳುತ್ತ ತಿರುಗುತ್ತಿತ್ತು. ಬ್ಯಾಂಕಿನ ಮ್ಯಾನೇಜರು ಕಾಲಿಗೆ ಕಟ್ಟಿಕೊಂಡು ಕುಂಟಿದರು. ಪೈ ಮಾಡುವ ಫ್ಲೋರೀನ್ ಕೈಚೀಲದಲ್ಲಿಟ್ಟುಕೊಂಡು, ಚಿಲ್ಲರೆ ತೆಗೆಯುವುದಕ್ಕೆ ಭಯಪಟ್ಟಳು. ಎಲ್ಲರೂ ಕೊನೆಗೆ ಒರೆ ಹೊಲಿಸಲು ಬಂದು ಸೇರುತ್ತಿದ್ದದ್ದು ಕ್ಲೋವಿಸ್ ಮೆಡರ್ಸ್‌ನ ಕುದುರೆ ಜೀನಿನ ಅಂಗಡಿಗೆ. ಹಳೆಯ ಚರ್ಮ, ಮೇಣ, ಕಾಫಿ ಎಲ್ಲ ಬೆರೆತ ಅಂಗಡಿಯ ಆ ವಾಸನೆ ಈಗ ಎಲ್ಲೂ ಇಲ್ಲ. ಅಲ್ಲೀಗ ಸೆಲ್‌ಫೋನ್ ಮಾರುತ್ತಾರೆ.

ಹಾಲಿಸ್ ಮನೆಯ ದಾರಿ ಕ್ಲೋವಿಸ್ ಅಂಗಡಿಯ ಮುಂದೆಯೇ ಹಾದುಹೋಗುತ್ತಿತ್ತು. ತಿರುವಿನಲ್ಲಿ ವರ್ನಾ ಬ್ರೇಕು ಒತ್ತಿದಾಗ ಡಿಕ್ಕಿಯಲ್ಲಿ ಏನೋ ದಡ್ ಎಂದಿತು.

"ಏನದು?"

"ಚರ್ಚಿನ ಸೇಲಿಗೆ ಬಂದಿದ್ದ ಬಟ್ಟೆ ಗಂಟು."

"ಬಟ್ಟೆ ದಡ್ ಅನ್ನುತ್ತೇನೇ?"

"ಜಾಕ್ ಇರಬೇಕು," ಎಂದಳು ವರ್ನಾ. ಆಗಲೇ ಜಾಕ್ ಸಡಿಲಾಗಿ ಪೆಟ್ರೋಲ್ ಟ್ಯಾಂಕಿಗೆ ಬಡಿಯುವುದನ್ನು ಅವಳ ಮನಸ್ಸು ಕಲ್ಪಿಸಿಕೊಳ್ಳತೊಡಗಿತ್ತು.

ಕ್ಲೋವಿಸ್ ಒದ್ದೆ ಚರ್ಮವನ್ನು ಪಿಸ್ತೂಲಿನ ಅಚ್ಚಿನ ಮೇಲೆ ಹಾಸಿ ಬೆರಳಿನಿಂದ ತೀಡುತ್ತ ಕೂತಿದ್ದ. ಹಾಗೆ ತೀಡಿ ಒಣಗಿಸಿದ ಒರೆ ಅಚ್ಚು ತೆಗೆದ ಮೇಲೂ ಅದರ ಆಕಾರ ಬಿಡುವುದಿಲ್ಲ. ಹಾಲಿಸ್‌ನ ಹಳೆಯ ಒರೆಯನ್ನು ಹೊಲಿದವನು ಇವನ ಅಪ್ಪ.

"ಹಾಲಿಸ್‌ದಾ ಕತೆ?" ಎಂದು ಕ್ಲೋವಿಸ್ ಮೂಗು ಮುರಿದ. "ಪರವಾನಗಿ ಕ್ಲಾಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದ. ಎಲ್ಲರನ್ನೂ ಆಡಿಕೊಂಡಿದ್ದೇ ಆಡಿಕೊಂಡಿದ್ದು. ಕಾಲಿಗೆ ಕಟ್ಟಿಕೊಂಡೋನು ಕುಂಟು ಕೋಳಿಯಂತೆ, ಕಂಕುಳಲ್ಲಿ ಇಟ್ಟುಕೊಂಡೋನು ಸಾರೋಟಿನ ಕುದುರೆಯಂತೆ. ಆಮೇಲೆ ಕತ್ತಲಾದ ಮೇಲೆ ಹಿಂಬಾಗಿಲಿಂದ ಬಂದ ನೋಡು. 'ಕ್ಲೋವಿಸ್, ಸೊಂಟ ನೋಯ್ತದೆ ಕಣೋ, ಏನಾದ್ರೂ ಮಾಡು.'"

"ಏನು ಮಾಡಿಕೊಟ್ಟೆ?" ಓಪಲ್ ಕೇಳಿದಳು.

"ಏನು ಮಾಡಲಿಲ್ಲ ಅಂತ ಕೇಳು. ಕಾಲಿಗೆ ಕೊಟ್ಟೆ, ಬೂಟಿನೊಳಗೆ ಹಿಡಿಸಲಿಲ್ಲ. ಕಂಕುಳಿಗೆ ಕೊಟ್ಟೆ, ದನ ಒದ್ದಿದ್ದ ಹೆಗಲು ನೋಯ್ತದೆ ಅಂದ. ಪ್ಯಾಂಟಿನೊಳಗೆ ಸಿಗಿಸೋದು ಕೊಟ್ಟೆ, ಕೂತರೆ ಹೊಟ್ಟೆಗೆ ಒತ್ತುತ್ತೆ. ಬೆನ್ನಿಗೆ ಕೊಟ್ಟೆ, ಟ್ರಕ್ಕು ಓಡಿಸೋಕೆ ಆಗಲ್ಲ. ಜೂನ್‌ನಿಂದ ಬರೋದೇ ಬಿಟ್ಟ. 'ನಿಮ್ಮಪ್ಪ ಹೊಲಿದದ್ದೇ ಸಾಕು' ಅಂದ. ಆ ಮುಚ್ಚಳದ ಒರೆ ಅಂಗಿಯೊಳಗೆ ಕುಂಬಳಕಾಯಿ ಕಟ್ಟಿಕೊಂಡ ಹಾಗೆ ಉಬ್ಬುತ್ತೆ. ಮರೆಮಾಡೋದಂತೆ, ಅದನ್ನ."

"ಬೀದಿಯಲ್ಲಿ ಎಲ್ಲಾದ್ರೂ ಅವನ ಅಂಗಿ ಉಬ್ಬಿದ್ದನ್ನ ನೀನು ನೋಡಿದ್ದೀಯಾ?"

ಕ್ಲೋವಿಸ್ ಬೆರಳು ನಿಲ್ಲಿಸಿದ. "ಇಲ್ಲ," ಎಂದ ನಿಧಾನವಾಗಿ. "ಅದೊಂದು ವಿಚಿತ್ರ. ನೋಡಿಲ್ಲ."

ಹಾಲಿಸ್ ಮನೆಯ ಹಜಾರದಲ್ಲಿ ಗೂಟಗಳ ಸಾಲು. ಭಾನುವಾರ ಸಂಜೆ ಡಾಮಿನೋ ಆಡಲು ಬಂದವರು ಪಿಸ್ತೂಲು ಬಿಚ್ಚಿ ಅಲ್ಲಿ ತಗುಲಿಹಾಕಿಯೇ ಮೇಜಿಗೆ ಬರಬೇಕು. ಅದು ಹಾಲಿಸ್‌ನ ಹೆಂಡತಿ ಜುವಾನೆಲ್ ಮಾಡಿದ ನಿಯಮ. 'ನನ್ನ ಮೇಜಿನ ಹತ್ರ ಕಬ್ಬಿಣ ತರಬೇಡಿ, ಸೋತೋರ ಮುಖ ನೋಡೋಕೆ ನಂಗೆ ಹೆದರಿಕೆ' ಎನ್ನುತ್ತಿದ್ದಳು. ಬೆನ್ನುನೋವಿನ ಜೀವ. ಇಲಾಸ್ಟಿಕ್ಕಿನ ಸೊಂಟಪಟ್ಟಿ ಕಟ್ಟಿಕೊಂಡು, ಅದಕ್ಕೆ ತಾನೇ ಹೊಲಿದ ಜೇಬಿನಲ್ಲಿ ಬಿಸಿ ಮಾಡಿದ ಜೋಳದ ಚೀಲ ಇಟ್ಟುಕೊಂಡು ಕೂತು, ಎಲ್ಲರನ್ನೂ ಸೋಲಿಸುತ್ತಿದ್ದಳು. ಮಾರ್ಚ್‌ನಲ್ಲಿ ತೀರಿಕೊಂಡಳು. ನಿಯಮ ಹಾಗೇ ಉಳಿದಿತ್ತು. ನಿನ್ನೆ ರಾತ್ರಿಯೂ ಹಾಲಿಸ್, ಕ್ಲೋವಿಸ್, ಓಪಲ್, ಯುಸೆಬಿಯೋ ನಾಲ್ವರೂ ಆಡಿದ್ದರು. ವರ್ನಾ ಪಕ್ಕದಲ್ಲಿ ಕೂತು ಹೆಣೆಯುತ್ತಿದ್ದಳು.

ರೇಆನ್ ಬಾಗಿಲಲ್ಲೇ ಸಿಕ್ಕಳು. ಅತ್ತು ಕಣ್ಣು ಕೆಂಪಗಾಗಿತ್ತು.

"ಅಮ್ಮ ಡ್ಯಾಡಿಗೆ ಮದುವೆಯ ವರ್ಷ ಕೊಡಿಸಿದ್ದ ರಿವಾಲ್ವರ್ ಮಿಸ್ ಓಪಲ್. ಅದು ಬಿಟ್ಟು ಬೇರೆ ಏನು ಹೋಗಿದ್ರೂ ನಾನು ಫೋನ್ ಮಾಡ್ತಿರಲಿಲ್ಲ."

"ಸದ್ದು ಹೇಗಿತ್ತು, ಹೇಳು."

"ಮೊದಲು ಮೆತ್ತಗೆ ಟಪ್ ಅಂತು. ಸ್ವಲ್ಪ ಬಿಟ್ಟು ಟಿಚ್ ಅಂತ ಗಟ್ಟಿಯಾಗಿ."

ಓಪಲ್ ಒರೆಯನ್ನು ಗೂಟದಿಂದ ತೆಗೆದು ಮುಚ್ಚಳ ಎತ್ತಿದಳು: ಟಪ್. ಒತ್ತಿದಳು: ಟಿಚ್. ದೂರದಿಂದ ನೋಡಿದರೆ ಖಾಲಿ ಎಂದು ಯಾರೂ ಹೇಳುವಂತಿರಲಿಲ್ಲ. ಬಸುರಿಯ ಹೊಟ್ಟೆಯ ಹಾಗೆ ತುಂಬಿಕೊಂಡೇ ಇತ್ತು. ಓಪಲ್ ಅದರ ಕೆಳತುದಿಯ, ನೀರು ಇಳಿಯಲೆಂದು ಬಿಟ್ಟ ತೂತಿನ ಕಡೆ ಕಣ್ಣಿಟ್ಟಳು. ಆಮೇಲೆ ಪೆನ್ಸಿಲ್ ತೂರಿಸಿ ಮೆಲ್ಲಗೆ ಕೆರೆದಳು. ಒಣಗಿದ ಕೆಮ್ಮಣ್ಣಿನ ಪುಡಿ ಒಂದು ಚಿಟಿಕೆ ಅವಳ ಅಂಗೈಗೆ ಬಿತ್ತು. ವರ್ನಾಗೆ ತೋರಿಸಿ, ಅದನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗಿಟ್ಟುಕೊಂಡಳು.

"ನೀನು ಯಾವಾಗ ಬಂದೆ ಮಗಳೇ?"

"ಶುಕ್ರವಾರ. ಡ್ಯಾಡಿ ಸೊಂಟ ತೋರಿಸೋಕೆ ಡಾಕ್ಟರ ಹತ್ರ ಹೋಗಿದ್ರು. ಅವರಿಲ್ಲದಾಗಲೇ ಅಮ್ಮನ ಬಟ್ಟೆ ಎಲ್ಲ ಕಟ್ಟಿ ಚರ್ಚಿಗೆ ಕಳಿಸಿದೆ. ಇದ್ದಿದ್ರೆ ಒಂದೊಂದನ್ನೂ ಹಿಡ್ಕೊಂಡು ಕೂತಿರೋರು. ಬಂದ ಮೇಲೆ ನನ್ನ ಹತ್ರ ಸರಿಯಾಗಿ ಮಾತೇ ಆಡಿಲ್ಲ."

ವರ್ನಾಗೆ ಶನಿವಾರದ ನೆನಪು ಬಂತು. ಚರ್ಚಿನ ಹಾಲ್‌ನಲ್ಲಿ ಸೇಲಿನ ಬಟ್ಟೆ ವಿಂಗಡಿಸುವಾಗ ಹಾಲಿಸ್ ಬಂದಿದ್ದ. ಜುವಾನೆಲ್‌ಳ ಪೆಟ್ಟಿಗೆಗಳಲ್ಲಿ ಒಂದೊಂದೇ ಉಡುಪು ಎತ್ತಿ ಕೆಳಗೆ ನೋಡುತ್ತ ತುಂಬ ಹೊತ್ತು ನಿಂತಿದ್ದ. ಹೆಂಗಸರೆಲ್ಲ ಬೇರೆ ಕಡೆ ತಿರುಗಿಕೊಂಡಿದ್ದರು. ವರ್ನಾ ನೀಲಿ ಸ್ಕಾರ್ಫೊಂದನ್ನು ಅವನ ಕೈಗಿಟ್ಟು, "ಇದು ನೀವೇ ಇಟ್ಕೊಳ್ಳಿ ಹಾಲಿಸ್," ಎಂದಿದ್ದಳು. ಅವನು ಏನೋ ಕೇಳಲು ಬಾಯಿ ತೆರೆದು, ಕೆಂಪೇರಿ, ಸ್ಕಾರ್ಫ್ ಹಿಡಿದು ಹೋಗಿದ್ದ. ಓಪಲ್‌ಗೆ ಇದನ್ನು ಪಿಸುದನಿಯಲ್ಲಿ ಹೇಳಿದಾಗ ಅವಳು ವರ್ನಾಳ ಮುಖವನ್ನೇ ದಿಟ್ಟಿಸಿದಳು.

"ಒಳಬಟ್ಟೆ ಏನು ಮಾಡ್ತೀರಿ ನೀವು?"

"ಅದನ್ನ ಮೇಜಿನ ಮೇಲೆ ಇಡ್ತಾರೇನೇ? ಬೇರೆ ಗಂಟಿನಲ್ಲೇ ಬರುತ್ತೆ. ಬಿಚ್ಚಿ ನೋಡಬಾರದು ಅಂತ ಪದ್ಧತಿ. ಸುಡೋದು ನನ್ನ ಪಾಲಿನ ಕೆಲಸ. ಈಗ ಒಣಗಾಳಿ ಅಂತ ಬೆಂಕಿ ಹಾಕಬೇಡಿ ಅಂದಿದಾರಲ್ಲ..."

ವರ್ನಾಳ ಮಾತು ಅಲ್ಲಿಗೇ ನಿಂತಿತು. ಓಪಲ್ ಅವಳ ತೋಳು ಹಿಡಿದಳು. "ಈಗ ಬೇಡ. ಮೊದಲು ಅವನ ಬಾಯಿಂದ ಬರಲಿ."

ಡೆಪ್ಯುಟಿ ಡ್ವೈಟ್ ಬಂದಾಗ ಬೀನ್ಸು, ಜೋಳದ ಬ್ರೆಡ್ಡು ಒಲೆಯ ಮೇಲೆ ತಣ್ಣಗಾಗುತ್ತಿದ್ದವು. ಎಲ್ಲರೂ ಡಾಮಿನೋ ಮೇಜಿನ ಸುತ್ತ ಕೂತರು. ಡ್ವೈಟ್ ತನ್ನ ಸೊಂಟದ ಬೆಲ್ಟನ್ನು ಗೂಟಕ್ಕೆ ಹಾಕಿ ಬಂದ. ಜುವಾನೆಲ್‌ಳ ಮಾತು ಷೆರಿಫ್ ಕಚೇರಿಗೂ ಅನ್ವಯಿಸುತ್ತಿತ್ತು. ಯುಸೆಬಿಯೋ ಎರಡೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟುಕೊಂಡಿದ್ದ. ಅದನ್ನು ಜೈಲಿನಲ್ಲಿ ಕಲಿಸುತ್ತಾರೆ ಎಂದು ವರ್ನಾ ಎಲ್ಲೋ ಓದಿದ್ದಳು. ಹಾಲಿಸ್ ಆ ಕೈಗಳನ್ನು ಬಿಟ್ಟು ಬೇರೆಲ್ಲವನ್ನೂ ನೋಡುತ್ತಿದ್ದ.

"ಡ್ವೈಟ್, ನೀನು ಬರೆದುಕೊಳ್ಳೋ ಮುಂಚೆ ನನ್ನ ಮಾತು ಕೇಳು," ಎಂದಳು ಓಪಲ್.

"ಕೇಳದೆ ಇದ್ದರೆ ಬಿಡ್ತೀರಾ ಮಿಸ್ ಓಪಲ್."

"ರೇಆನ್ ಕೇಳಿದ್ದು ನಿಜವಾದ ಸದ್ದೇ. ಮೊದಲು ಟಪ್, ಆಮೇಲೆ ಟಿಚ್. ಕತ್ತಲಲ್ಲಿ ಕದಿಯೋನು ಪಿಸ್ತೂಲು ಎತ್ತಿಕೊಂಡು ಓಡ್ತಾನೋ, ಮನೆಯೆಲ್ಲ ಕೇಳೋ ಹಾಗೆ ಬಟನ್ ಹಾಕಿ ಹೋಗ್ತಾನೋ? ಬಟನ್ ಹಾಕಿದ್ದು ಅಭ್ಯಾಸದ ಕೈ. ಆ ಒರೆಯನ್ನು ಸಾವಿರ ಸಲ ಮುಚ್ಚಿದ ಕೈ."

ಓಪಲ್ ಕರವಸ್ತ್ರ ಬಿಚ್ಚಿ ಕೆಮ್ಮಣ್ಣಿನ ಪುಡಿಯನ್ನು ಮೇಜಿನ ಮೇಲೆ ಸುರಿದಳು.

"ಇದು ಒರೆಯ ತುದಿಯಲ್ಲಿ ಸಿಕ್ತು. ಕುಂಬಾರ ಹುಳದ ಗೂಡು. ಕೆಳಗಿನ ತೂತಿನಿಂದ ಹೋಗಿ ಕಟ್ಟಿದೆ. ಮರಿ ಬೆಳೆದು ಹಾರಿಯೂ ಹೋಗಿದೆ. ಅಷ್ಟು ಆಗೋಕೆ ವಾರಗಟ್ಟಲೆ ಬೇಕು. ರಿವಾಲ್ವರ್ ನಳಿಗೆ ಇರೋ ಜಾಗದಲ್ಲಿ ಹುಳ ಗೂಡು ಕಟ್ಟೋಕೆ ಆಗಲ್ಲ. ಅಂದ ಮೇಲೆ ನಿನ್ನೆ ರಾತ್ರಿ ಆ ಒರೆಯಿಂದ ಯಾರೂ ಏನೂ ಕದ್ದಿಲ್ಲ. ಬೇಸಿಗೆಯಿಂದ ಅದು ಖಾಲಿಯಾಗಿಯೇ ಇದೆ."

ರೇಆನ್ ತಂದೆಯ ಕಡೆ ತಿರುಗಿದಳು. "ಡ್ಯಾಡಿ?"

"ಇರು ಮಗಳೇ. ಈ ಬೇಸಿಗೆಯ ಪ್ರತಿ ಭಾನುವಾರ ನಿಮ್ಮ ಡ್ಯಾಡಿ ನಮ್ಮೆಲ್ಲರ ಜೊತೆ ಒರೆ ಬಿಚ್ಚಿ ಗೂಟಕ್ಕೆ ಹಾಕಿ, ಆಮೇಲೆ ಮಲಗೋ ಕೋಣೆಗೆ ಹೋಗಿ ಬರೋರು. ಕ್ಲೋವಿಸ್ ಬಾತ್‌ರೂಮು ಅಂತ ಅಣಕಿಸ್ತಿದ್ದ. ಬಾತ್‌ರೂಮು ಇರೋದು ಅಡಿಗೆಮನೆ ಪಕ್ಕ. ಜುವಾನೆಲ್ ಮೇಜಿಗೆ ಕಬ್ಬಿಣ ತರಬಾರದು, ಅದಕ್ಕೇ ಹೋಗ್ತಿದ್ರು. ನಿಜವಾದ ಪಿಸ್ತೂಲು ಬಿಚ್ಚಿಡೋಕೆ. ನಿನ್ನೆ ಮಾತ್ರ ಒರೆ ಹಾಕಿ ನೇರ ಬಂದು ಕೂತ್ರು. ಬಿಚ್ಚಿಡೋಕೆ ಏನೂ ಇರಲಿಲ್ಲ. ಅದು ನಿನ್ನೆಗಿಂತ ಮುಂಚೆಯೇ ಹೋಗಿತ್ತು. ಯಾವಾಗ? ಶುಕ್ರವಾರ. ಡಾಕ್ಟರ ಮುಂದೆ ಅಂಗಿ ಬಿಚ್ಚಬೇಕು ಅಂತ ಮನೆಯಲ್ಲೇ ಬಿಟ್ಟು ಹೋದ ದಿನ."

"ಪಿಸ್ತೂಲು ಇದ್ರೆ ಡಾಕ್ಟರೇನು ಅಂದ್ಕೋತಿದ್ರು? ಅವರೇ ಇಟ್ಟುಕೊಂಡಿರ್ತಾರೆ," ಎಂದ ಡ್ವೈಟ್.

"ಪಿಸ್ತೂಲಿಗೆ ನಾಚಿಕೆ ಅಲ್ಲ. ಅದನ್ನ ಯಾವುದರಲ್ಲಿ ಇಟ್ಟುಕೊಂಡಿದ್ರೋ ಅದಕ್ಕೆ." ಓಪಲ್ ದನಿ ಇಳಿಸಿದಳು. "ಹಾಲಿಸ್, ನನಗೆ ಗೊತ್ತು. ಆದರೆ ನಾನು ಹೇಳಲ್ಲ. ಅದು ಹೇಳೋ ಹಕ್ಕು ನಿನ್ನದು. ಸುಮ್ಮನಿದ್ರೂ ನಿನ್ನಿಷ್ಟ. ಸುಮ್ಮನಿದ್ರೆ ಡ್ವೈಟ್ ಯುಸೆಬಿಯೋನ ಹೆಸರು ಬರ್ಕೊಂಡು ಹೋಗಬೇಕಾಗುತ್ತೆ."

ಹಾಲಿಸ್‌ನ ದವಡೆ ಅಲ್ಲಾಡಿತು. ಇಡೀ ಊರನ್ನು ಆಡಿಕೊಂಡ ಬಾಯಿ ಅದು. ಕೊನೆಗೆ ಅವನ ಕಣ್ಣು ಮೇಜಿನ ಮೇಲಿನ ಆ ಎರಡು ಕೈಗಳ ಮೇಲೆ ಬಿತ್ತು, ಅಲ್ಲೇ ನಿಂತಿತು.

"ಜುವಾನೆಲ್‌ಳ ಸೊಂಟಪಟ್ಟಿಯಲ್ಲಿ," ಎಂದ.

ರೇಆನ್ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಜೂನ್‌ನಲ್ಲಿ ಅವಳ ಡ್ರಾಯರು ತೆಗೆದೆ. ಸುಮ್ಮನೆ. ವಾಸನೆ ನೋಡೋಕೆ. ಅದು ಮೇಲೇ ಇತ್ತು. ಕಟ್ಟಿಕೊಂಡು ನೋಡಿದೆ. ಜೋಳದ ಚೀಲದ ಜೇಬು ಇದೆಯಲ್ಲ, ರಿವಾಲ್ವರ್ ಅದರಲ್ಲಿ ಕೂತುಬಿಡ್ತು. ಎಲ್ಲೂ ಒತ್ತಲ್ಲ, ಎಲ್ಲೂ ಉಬ್ಬಲ್ಲ." ಅವನು ಮಗಳ ಕಡೆ ತಿರುಗಿದ. "ಸೊಂಟ ಹಿಡ್ಕೊಂಡಿರುತ್ತೆ ಕಣಮ್ಮಾ. ನಿಮ್ಮಮ್ಮ ಬೈಕಿನಲ್ಲಿ ಹಿಂದೆ ಕೂತಾಗ ಹಿಡ್ಕೊಳ್ತಿದ್ದಳಲ್ಲ, ಹಂಗೆ. ಕ್ಲೋವಿಸ್ ಕೊಟ್ಟದ್ದು ಯಾವುದೂ ಹಂಗೆ ಹಿಡೀಲಿಲ್ಲ. ರಾತ್ರಿ ಅದರಲ್ಲೇ ಸುತ್ತಿ ಅವಳ ಡ್ರಾಯರಿನಲ್ಲೇ ಇಡ್ತಿದ್ದೆ. ಶುಕ್ರವಾರ ಬಂದು ನೋಡಿದ್ರೆ ಡ್ರಾಯರು ಖಾಲಿ."

"ನನ್ನ ಕೇಳಬಾರದಾಗಿತ್ತಾ ಡ್ಯಾಡಿ?"

"ಏನಂತ ಕೇಳಲಿ? ನಿಮ್ಮಮ್ಮನ ಒಳಪಟ್ಟಿ ಎಲ್ಲಿ, ನಾನು ಉಟ್ಕೋಬೇಕು ಅಂತಲಾ? ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ನನಗೇ ಅರಳುಮರಳಾಗಿ ಹಳೇ ಒರೆಯಲ್ಲಿ ಇಟ್ಟಿದೀನೇನೋ ಅಂತ ಹೋಗಿ ನೋಡಿದೆ." ಅವನು ಯುಸೆಬಿಯೋನ ಕಡೆ ತಿರುಗಿದ. "ಬೆಳಿಗ್ಗೆ ಇವಳು ನಿನ್ನ ಹೆಸರು ಎತ್ತಿದಾಗಲೇ ನಾನು ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ಮುದುಕನ ಜಂಬಕ್ಕೆ ನಿನ್ನ ಬಲಿ ಕೊಡೋಕೆ ಹೊರಟಿದ್ದೆ."

ಯುಸೆಬಿಯೋ ಮೆಲ್ಲಗೆ ಕೈಗಳನ್ನು ಮೇಜಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಬೆಳಿಗ್ಗೆಯಿಂದ ನಾನು ಏನೂ ತಿಂದಿಲ್ಲ," ಎಂದ. "ಬೀನ್ಸು ಬಿಸಿ ಮಾಡಿ. ನೀವೇ ಮಾಡಿ."

ಹಾಲಿಸ್ ಎದ್ದು ಒಲೆ ಹಚ್ಚಿದ.

"ಇನ್ನು ಪಿಸ್ತೂಲು," ಎಂದಳು ಓಪಲ್. "ಚರ್ಮದ್ದಾಗಿದ್ದರೆ ಕ್ಲೋವಿಸ್‌ಗೆ ಗೊತ್ತಿರ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಹಾಗಾದರೆ ಬಟ್ಟೆ. ಹಾಲಿಸ್ ಚರ್ಚಿನಲ್ಲಿ ಹೆಂಗಸರ ಬಟ್ಟೆ ಕೆದಕಿದ, ಸಿಗಲಿಲ್ಲ. ಹಾಗಾದರೆ ಮೇಜಿನ ಮೇಲೆ ಇಡದಂಥ ಬಟ್ಟೆ. ರೇಆನ್, ಆ ಡ್ರಾಯರನ್ನ ಏನು ಮಾಡಿದೆ?"

"ದಿಂಬಿನ ಕವರಿಗೆ ಹಾಗೇ ಬೋರಲು ಹಾಕಿ ಗಂಟು ಕಟ್ಟಿದೆ. ನೋಡೋಕೆ ಆಗಲಿಲ್ಲ ನನಗೆ, ಅಮ್ಮನದು. ಭಾರ ಇತ್ತು, ಪಟ್ಟಿಯ ಉಕ್ಕಿನ ಕಡ್ಡಿ ಅಂದ್ಕೊಂಡೆ."

"ವರ್ನಾ," ಎಂದಳು ಓಪಲ್.

ವರ್ನಾ ಹೊರಗೆ ಹೋಗಿ ಡಿಕ್ಕಿ ತೆಗೆದಳು. ಗುಲಾಬಿ ಹೂವಿನ ದಿಂಬಿನ ಕವರು. ಗಂಟು ಬಿಚ್ಚಿ ಕೈ ಹಾಕಿದಾಗ ಮೆತ್ತನೆಯ ಬಟ್ಟೆಗಳ ನಡುವೆ ಗಟ್ಟಿಯಾಗಿ, ತಣ್ಣಗೆ ಅದು ಸಿಕ್ಕಿತು. ಗುಂಡು ತುಂಬಿದ್ದ ರಿವಾಲ್ವರನ್ನು ಮೂರು ದಿನ ಊರೆಲ್ಲ ಹೊತ್ತು ತಿರುಗಿದ್ದಳು. ಮಳೆ ಬಂದು ಗಾಳಿ ನಿಂತಿದ್ದರೆ ಹಿತ್ತಲಿನ ಪೀಪಾಯಿಯಲ್ಲಿ ಹಾಕಿ, ಪಕ್ಕದಲ್ಲಿ ನಿಂತು ಬೆಂಕಿ ಹಚ್ಚುತ್ತಿದ್ದಳು. ಜೀವನದುದ್ದಕ್ಕೂ ಇಲ್ಲದ ಅಪಾಯಗಳಿಗೆ ಹೆದರಿದವಳಿಗೆ ನಿಜವಾದದ್ದು ಬೆನ್ನ ಹಿಂದೆಯೇ ದಡ್ ಎಂದಾಗ ಗೊತ್ತಾಗಲಿಲ್ಲ. ಅವಳು ಕಾರಿಗೆ ಒರಗಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ರಿವಾಲ್ವರನ್ನು ಹೊರಗೆಳೆಯದೆ, ಪಟ್ಟಿಯ ಸಮೇತ ಮಡಿಸಿದ ಹಾಗೇ ಒಳಗೆ ತಂದು ಹಾಲಿಸ್‌ನ ಕೈಗೆ ಕೊಟ್ಟಳು. ಅವನು ಅದನ್ನು ಮೇಜಿನ ಹತ್ತಿರ ತರದೆ ನೇರ ಕೋಣೆಗೆ ಒಯ್ದ.

"ನಾನೇನು ವರದಿ ಬರೀಲಿ?" ಡ್ವೈಟ್ ತಲೆ ಕೆರೆದುಕೊಂಡ.

"ಮನೆಯಲ್ಲೇ ಇತ್ತು, ಸಿಕ್ತು ಅಂತ ಬರಿ. ಜಾಸ್ತಿ ಬರೆದರೆ ನಿಂಗೆ ಕಾಗುಣಿತ ತಪ್ಪುತ್ತೆ," ಎಂದಳು ಓಪಲ್.

ರೇಆನ್ ಯುಸೆಬಿಯೋನ ತಟ್ಟೆಗೆ ಬ್ರೆಡ್ಡು ಹಾಕುತ್ತ ಏನೋ ಹೇಳಿದಳು. ಅವನು ತಲೆಯಾಡಿಸಿದ, ನಗಲಿಲ್ಲ. ನಗಲು ಅವನಿಗೆ ಇನ್ನೂ ಕೆಲವು ಭಾನುವಾರಗಳು ಬೇಕಾದವು.

ಮುಂದಿನ ಭಾನುವಾರ ಎಂದಿನಂತೆ ಆಟ ನಡೆಯಿತು. ಕ್ಲೋವಿಸ್ ಬಂದ, ಬಿಚ್ಚಿದ, ತಗುಲಿಹಾಕಿದ. ಹಾಲಿಸ್ ಹಳೆಯ ಒರೆಯನ್ನು ಸೊಂಟದಿಂದ ಬಿಚ್ಚಿ, ಭಾರವಿದ್ದಂತೆ ಎರಡು ಕೈಯಲ್ಲಿ ಎತ್ತಿ ಗೂಟಕ್ಕೆ ಹಾಕಿ ಮುಚ್ಚಳ ಒತ್ತಿದ. ಟಿಚ್. ಆಮೇಲೆ ಕೋಣೆಯ ಕಡೆ ನಡೆದ.

"ನಡೆದ ನೋಡು ಮುದುಕ," ಎಂದ ಕ್ಲೋವಿಸ್, ಡಾಮಿನೋ ಕಲಸುತ್ತ. "ವರ್ನಾ, ಹೋದ ವಾರ ಅದೇನೋ ಕಳೆದಿತ್ತಂತೆ, ಸಿಕ್ತಂತೆ. ಎಲ್ಲಿತ್ತಂತೆ? ಓಪಲ್ ಬಾಯಿ ಬಿಡ್ತಿಲ್ಲ. ನೀನಾದ್ರೂ ಹೇಳೇ, ನಿನಗೆ ಒಂದು ಒಳ್ಳೆ ಒರೆ ಹೊಲಿದು ಕೊಡ್ತೀನಿ."

ವರ್ನಾ ಹೆಣಿಗೆಯಿಂದ ತಲೆ ಎತ್ತಿದಳು. ಮೇಜಿನ ಆಚೆ ಯುಸೆಬಿಯೋ ತನ್ನ ಡಾಮಿನೋಗಳನ್ನು ನಿಲ್ಲಿಸಿಕೊಳ್ಳುತ್ತಿದ್ದ. ಅವನ ಕೈ ಒಂದು ಕ್ಷಣ ತಡೆಯಿತು. ಕೋಣೆಯ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಆ ಸಂದಿಯಲ್ಲಿ ಹಾಲಿಸ್ ಪಟ್ಟಿಯನ್ನು ಬಿಚ್ಚಿ, ಸುಕ್ಕು ತೀಡಿ, ಖಾಲಿ ಡ್ರಾಯರಿನಲ್ಲಿ ಹಾಸಿದ್ದ ನೀಲಿ ಸ್ಕಾರ್ಫಿನ ಮೇಲೆ ಇಡುವುದು ಅವಳಿಗೆ ಕಂಡಿತು.

ಇದನ್ನು ಯಾರಿಗೂ ಹೇಳಬಾರದು ಎಂದು ಅವಳು ಆಗಲೇ ನಿರ್ಧರಿಸಿದಳು. ಕ್ಲೋವಿಸ್‌ಗೂ ಬೇಡ, ಚರ್ಚಿನ ಹೆಂಗಸರಿಗೂ ಬೇಡ, ತನ್ನ ತಂಗಿಗೂ ಬೇಡ.

"ನಂಗೇನು ಗೊತ್ತು," ಎಂದಳು. "ನಾನು ಹೆಣೀತಾ ಕೂತಿದ್ದೆ."